ಕಾಲುಚೀಲದ ಒಳಮಗ್ಗಲು

ಅಂದು ಬೆಳಿಗ್ಗೆ ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ನಾನು ಕಾಲುಚೀಲ ತಿರುವುತ್ತಿದ್ದೆ. ಮೇಜಿಗೆ ಒಂದು ಪ್ಲಾಸ್ಟಿಕ್ ಪೈಪನ್ನು ನೆಟ್ಟಗೆ ಬಿಗಿದಿದ್ದರು. ಹೊಲಿಗೆ ಹೊರಗಿರುವ ಚೀಲವನ್ನು ಪೈಪಿಗೆ ಅಂಗಿ ತೊಡಿಸಿದಂತೆ ತೊಡಿಸಬೇಕು. ಆಮೇಲೆ ಕಡ್ಡಿಯಿಂದ ತುದಿಯನ್ನು ಪೈಪಿನೊಳಗೆ ನೂಕಬೇಕು. ಚೀಲ ಒಳಹೊರಗಾಗಿ ಕೆಳಗಿನ ಬುಟ್ಟಿಗೆ ಬೀಳುತ್ತದೆ. ಹೊಲಿಗೆ ಒಳಗೆ ಹೋಗಿಬಿಡುತ್ತದೆ. ಹೊರಗೆ ನುಣುಪು, ಬಿಳುಪು.

ತೊಡಿಸುವುದು, ನೂಕುವುದು. ತೊಡಿಸುವುದು, ನೂಕುವುದು. ಒಂಬತ್ತು ಗಂಟೆಗೇ ತಲೆಯ ಮೇಲಿನ ತಗಡು ಕಾದಿತ್ತು. ಫ್ಯಾನು ಹಾಕುವಂತಿಲ್ಲ, ನೂಲಿನ ಧೂಳು ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಕೂತಿದ್ದೆವು. ಎದುರಿಗೆ, ನಾವೆಲ್ಲ ಚಿಕ್ಕಮ್ಮನಂತೆ ಖಾಲಾ ಎಂದು ಕರೆಯುವ ಖಾಸಿಂಬೀ ಜೋಡಿ ಕಟ್ಟುತ್ತಿದ್ದಳು. ದಿನವಿಡೀ ಯಾರನ್ನಾದರೂ ಕಾಡಿಸುವ ಮಲ್ಲೇಶ್ವರಿ ಕೂಡ ತಲೆ ಎತ್ತಲಿಲ್ಲ. ಮೂವರಿಗೂ ಒಂದೇ ಸಂಗತಿ ಗೊತ್ತಿತ್ತು. ಅದಕ್ಕೇ ಮಾತಿರಲಿಲ್ಲ.

ಕಾಲುಚೀಲ ನೇಯ್ದು ಬರುವಾಗ ಅದಕ್ಕೆ ಬೆರಳ ತುದಿ ಇರುವುದಿಲ್ಲ. ಎರಡೂ ಕಡೆ ತೆರೆದ ಕೊಳವೆ ಅದು. ಸೋಲಾಪುರದಿಂದ ಮೂಟೆಗಟ್ಟಲೆ ಬರುತ್ತಿತ್ತು. ಯಾದಗಿರಿ ಊರಾಚೆಯ ಈ ಶೆಡ್ಡಿನಲ್ಲಿ ನಾವು ತುದಿ ಮುಚ್ಚಿ, ತಿರುವಿ, ಇಸ್ತ್ರಿ ಮಾಡಿ, ಜೋಡಿ ಕಟ್ಟುತ್ತಿದ್ದೆವು. ತುದಿ ಮುಚ್ಚಲು ಎರಡು ದಾರಿ ಇವೆ. ಒಂದು ಓವರ್‌ಲಾಕ್. ಮಿಷನ್ನಿನ ಕೆಳಗೆ ಇಟ್ಟು ಗರ್ ಅನ್ನಿಸಿದರೆ ಮುಗಿಯಿತು. ಆದರೆ ಒಳಗೆ ಬೆರಳುಗಳ ಮೇಲೆ ಅಡ್ಡಕ್ಕೆ ಹಗ್ಗದಂಥ ಹೊಲಿಗೆ ಉಳಿಯುತ್ತದೆ. ಎರಡು ಮೂಲೆಗೆ ಒಂದೊಂದು ಗಂಟು. ಬೂಟು ಹಾಕಿದರೆ ಆ ಗಂಟು ಕಿರುಬೆರಳನ್ನು ಕೊರೆಯುತ್ತಲೇ ಇರುತ್ತದೆ. ನೀವೂ ಹಾಕಿರುತ್ತೀರಿ. ಸಂಜೆ ಬಿಚ್ಚಿದಾಗ ಬೆರಳ ಮೇಲೆ ಕೆಂಪು ಗೆರೆ ನೋಡಿರುತ್ತೀರಿ.

ಇನ್ನೊಂದು ಲಿಂಕಿಂಗ್. ಒಂದು ದುಂಡನೆಯ ತಾಟು, ಅದರ ಅಂಚಿಗೆ ಸುತ್ತಲೂ ಸೂಜಿಮೊನೆಗಳು. ನೇಯ್ಗೆಯ ಒಂದೊಂದು ಕುಣಿಕೆಗೂ ನಾವು ಕಣ್ಣು ಅನ್ನುತ್ತೇವೆ. ಮೇಲಿನ ಸಾಲಿನ ಒಂದು ಕಣ್ಣು, ಕೆಳಗಿನ ಸಾಲಿನ ಅದರ ಜೋಡಿ ಕಣ್ಣು, ಎರಡನ್ನೂ ಒಂದೇ ಮೊನೆಗೆ ಏರಿಸಬೇಕು. ಒಂದು ತಪ್ಪಿದರೂ ತೂತು. ಹೀಗೆ ಮುಚ್ಚಿದ ತುದಿಯೊಳಗೆ ಕೈ ಹಾಕಿದರೆ ಹೊಲಿಗೆ ಎಲ್ಲಿದೆ ಎಂದು ಬೆರಳಿಗೆ ಸಿಗುವುದಿಲ್ಲ. ಅಂಥ ಮಿಷನ್ ನಮ್ಮಲ್ಲಿ ಒಂದೇ ಇತ್ತು. ಖಾಲಾ ಮದುವೆಯಾಗಿ ಸೋಲಾಪುರದಲ್ಲಿದ್ದಾಗ ಆ ಕೆಲಸ ಕಲಿತಿದ್ದಳು. ಅವಳ ದೃಷ್ಟಿ ಮಂಜಾದ ಮೇಲೆ ನನಗೆ ಕಲಿಸಿದಳು.

ಮಲ್ಲೇಶ್ವರಿ ಓವರ್‌ಲಾಕಿನವಳು. "ಶೀಲಾ ಒಂದ್ ಸಾಕ್ಸ್ ಮುಚ್ಚೂದ್ರಾಗ ನಾ ಶಹಾಪುರಕ್ಕ ಹೋಗಿ ಚಹಾ ಕುಡದು ಬರ್ತೀನಿ" ಅನ್ನುತ್ತಿದ್ದಳು.

"ಬರುವಾಗ ನನಗೂ ಒಂದ್ ಕಪ್ ತಗೊಂಬಾ" ಅನ್ನುತ್ತಿದ್ದಳು ಖಾಲಾ. "ದಾರ್‍ಯಾಗ ಆರಿರ್ತದ. ಆದ್ರೂ ಇಕೀದು ಇನ್ನಾ ಮುಗದಿರಂಗಿಲ್ಲ."

ನಾನು ನಗುತ್ತಿದ್ದೆ, ಅಷ್ಟೆ. ಮಾತಿಗೆ ಮಾತು ಕೊಡಲು ನನಗೆ ಬರುವುದಿಲ್ಲ. ನನ್ನ ಹೆಸರು ಪಂಚಶೀಲಾ, ಊರು ರಾಮಸಮುದ್ರ. ದೊಡ್ಡಪ್ಪ ತೀರಿಕೊಂಡ ವರ್ಷ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟೆ. ಶಾಲೆಯಲ್ಲೂ ಕಡೆಯ ಸಾಲಿನಲ್ಲಿ ಕೂತು ಎಲ್ಲರನ್ನೂ ನೋಡುತ್ತಿದ್ದೆ. ಯಾರಾದರೂ ನನ್ನನ್ನು ನೋಡಿದರೆ ತಲೆ ತಗ್ಗಿಸುತ್ತಿದ್ದೆ. ದೊಡ್ಡವರು ಏನು ಕೇಳಿದರೂ 'ಹೌದ್ರಿ' ಅನ್ನುವುದು ರೂಢಿಯಾಗಿಬಿಟ್ಟಿದೆ. ಹಾಗಂದರೆ ಅವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಮಳೆಗಾಲ ಮುಗಿಯುವಾಗ ನಮ್ಮ ಸಾವುಕಾರ ಸಂಗಮನಾಥರಿಗೆ ಒಂದು ಆರ್ಡರು ಸಿಕ್ಕಿತು. ಸಕ್ಕರೆ ಕಾಯಿಲೆಯವರ ಪಾದ ನೋಡುವ ಶಿಬಿರ, ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ. ಬಂದವರಿಗೆಲ್ಲ ಬೂಟು, ಕಾಲುಚೀಲ ಹಂಚುತ್ತಾರಂತೆ. ಆರುನೂರು ಜೋಡಿ ಚೀಲ ಬೇಕು. ಶಿಬಿರ ನಡೆಸುವ ಡಾಕ್ಟರ್ ಮೇಡಂ ತಾವೇ ಶೆಡ್ಡಿಗೆ ಬಂದರು. ನಾನು ಮುಚ್ಚಿದ ಒಂದು ಚೀಲವನ್ನು ಸಾವುಕಾರ್ರು ಅವರ ಕೈಗೆ ಕೊಟ್ಟರು. ಮೇಡಂ ಒಳಗೆ ಮುಷ್ಟಿ ಹಾಕಿ, ಕಣ್ಣು ಮುಚ್ಚಿ, ಹೆಬ್ಬೆರಳನ್ನು ನಿಧಾನವಾಗಿ ಆಡಿಸಿದರು.

"ಹೊಲಿಗಿ ಎಲ್ಲದ?" ಅಂದರು.

ನಾನು ಮಿಷನ್ನಿನ ಹಿಂದೆ ಮುಖ ಮುಚ್ಚಿಕೊಂಡೆ.

"ನಮಗ ಹೊಲಿಗಿ ಒತ್ತಿದ್ರ ಗೊತ್ತಾಗ್ತದ, ಬಿಚ್ಚಿ ಒಗೀತೀವಿ" ಎಂದು ಮೇಡಂ ನಮಗೆಲ್ಲ ಹೇಳಿದರು. "ಸಕ್ಕರಿ ಕಾಯಿಲಿಯವರ ಕಾಲು ಮರಗಟ್ಟಿರ್ತಾವ. ಒತ್ತಿದ್ದೂ ಗೊತ್ತಾಗಂಗಿಲ್ಲ, ಗಾಯ ಆಗಿದ್ದೂ ಗೊತ್ತಾಗಂಗಿಲ್ಲ. ಕೊಳತ ಮ್ಯಾಲ ಬರ್ತಾರ. ಆಗ ಬೆರಳು ತಗೀಲಾರದ ಬ್ಯಾರೆ ದಾರಿ ಇರಂಗಿಲ್ಲ. ಅದಕ್ಕ ತುದಿ ಹಿಂಗೇ ಇರಬೇಕು. ಬಣ್ಣ ಬಿಳಿ ಇರಬೇಕು, ರಕ್ತ ಬಂದ್ರ ಕಾಣಬೇಕು."

ಹದಿನೈದು ದಿನ ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ ತಾಟಿನ ಮುಂದೆ ಕೂತೆ. ನೂರು ಜೋಡಿ ದಾಟಲಿಲ್ಲ. ಇನ್ನೊಂದು ಮಿಷನ್ ತರುತ್ತೇನೆ ಅಂದಿದ್ದ ಸಾವುಕಾರ್ರು ತರಲಿಲ್ಲ. ಒಂದು ದಿನ ಬಂದು ಬಾಗಿಲಲ್ಲೇ ನಿಂತು ಹೇಳಿದರು: "ಉಳಿದದ್ದೆಲ್ಲ ಓವರ್‌ಲಾಕ್ ಹೊಡೀರಿ. ಜಲ್ದಿ."

"ಸಾವ್ಕಾರ್ರ, ಮೇಡಂ ನುಣ್ಣಗ ಬೇಕಂದಾರ" ಅಂದಳು ಖಾಲಾ.

"ಹೊರಗಿಂದ ನುಣ್ಣಗ ಇಲ್ಲೇನು? ಒಳಗ ಯಾರ್ ನೋಡ್ತಾರ?"

"ಹಾಕ್ಕೊಳ್ಳೋರು ಒಳಗೇ ಕಾಲ್ ಇಡ್ತಾರಲ್ರಿ."

ಸಾವುಕಾರ್ರು ನಕ್ಕರು. "ಅವರಿಗೆ ಗೊತ್ತಾಗಂಗಿಲ್ಲ ಅಂತ ಮೇಡಂನೇ ಹೇಳ್ಯಾರಲ್ಲ ಖಾಲಾ."

ಆ ಮಾತಿಗೆ ಮಲ್ಲೇಶ್ವರಿ ಅರೆಗಳಿಗೆ ನಕ್ಕಳು. ಆಮೇಲೆ ನಗು ನಿಲ್ಲಿಸಿ ಮಿಷನ್ನಿಗೆ ದಾರ ಪೋಣಿಸಿದಳು.

ಒಂದು ಮಾತು ಹೇಳಬೇಕು. ನಾವು ಶೆಡ್ಡಿನವರು ಓವರ್‌ಲಾಕಿನ ಚೀಲ ಹಾಕಿಕೊಳ್ಳುವುದಿದ್ದರೆ ತಿರುವಿ ಹಾಕಿಕೊಳ್ಳುತ್ತೇವೆ. ಒಳಮಗ್ಗಲು ಹೊರಗೆ. ಆಗ ಹಗ್ಗದಂಥ ಹೊಲಿಗೆ ಹೊರಗುಳಿಯುತ್ತದೆ, ಬೆರಳಿಗೆ ತಾಗುವುದಿಲ್ಲ. ತೂತು ಬಿದ್ದ ಮಾಲನ್ನು ಮನೆಗೆ ಒಯ್ದಾಗಲೂ ನಮ್ಮ ಮನೆಯವರಿಗೆ ಹಾಗೇ ಹೇಳುತ್ತೇವೆ. ಕೊಳ್ಳುವವರಿಗೆ ಯಾರೂ ಹೇಳಿದ್ದಿಲ್ಲ. ನಾವು ಬಚ್ಚಿಟ್ಟಿದ್ದಲ್ಲ. ನಮ್ಮನ್ನು ಯಾರೂ ಕೇಳಿರಲಿಲ್ಲ. ಹಾಗಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಯಾರೂ ಮಾತಾಡದ ಆ ಬೆಳಿಗ್ಗೆ ಮೇಡಂ ಮಾಲು ನೋಡಲು ಬರುವವರಿದ್ದರು. ಪೆಟ್ಟಿಗೆಗಳ ಮೇಲಿನ ಸಾಲಿಗೆಲ್ಲ ನನ್ನ ಕೈಯ ಜೋಡಿಗಳನ್ನು ಇಟ್ಟೆವು. ಕೆಳಗೆಲ್ಲ ಓವರ್‌ಲಾಕ್. ಸಾವುಕಾರ್ರು ನನ್ನ ಹತ್ತಿರ ಬಂದರು.

"ಶೀಲಾ, ಮೇಡಂ ಏನರ ಕೇಳಿದ್ರ ಹೌದ್ರಿ ಅನ್ನು. ಅದೊಂದು ನಿನಗ ಚಂದ ಬರ್ತದ."

ಮೇಡಂ ಬಂದರು. ಮೇಲಿನದೊಂದು ತೆಗೆದು ಮುಷ್ಟಿ ಹಾಕಿದರು. ಇನ್ನೊಂದು ಪೆಟ್ಟಿಗೆ, ಮತ್ತೆ ಮೇಲಿನದೇ. ಕೆಳಗೆ ಕೈ ಹಾಕಲಿಲ್ಲ. ಅವರಿಗೆ ಬೇರೆ ಕಡೆ ಹೋಗುವ ಅವಸರವಿತ್ತು.

"ಎಲ್ಲಾ ನೀನೇ ಮಾಡಿದ್ದಾ?" ಎಂದು ನನ್ನನ್ನೇ ಕೇಳಿದರು.

"ಹೌದ್ರಿ."

"ಕೆಳಗಿನವೂ ಹಿಂಗೇ ಅದಾವಾ?"

ಖಾಲಾ ಕೈಯಲ್ಲಿನ ದಾರ ಹಾಗೇ ಹಿಡಿದುಕೊಂಡಿದ್ದಳು. ಅವಳು ನನ್ನ ಮುಖ ನೋಡಲಿಲ್ಲ, ಬಾಯಿ ನೋಡಿದಳು.

"ಹೌದ್ರಿ."

ಮೇಡಂ ಕಾಗದಕ್ಕೆ ಸಹಿ ಹಾಕಿದರು. ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಛಲೋ ಕೈ ಅದ ನಿಂದು" ಅಂದರು. ಅವರು ಕೈ ತೆಗೆಯಲಿ ಎಂದು ಕಾಯುತ್ತ ನಿಂತೆ.

ಹತ್ತು ದಿನದಲ್ಲಿ ಶಹಾಪುರ, ಸುರಪುರದ ಶಿಬಿರಗಳು ಮುಗಿದು, ಕಡೆಗೆ ಯಾದಗಿರಿಯಲ್ಲಿ ಶಿಬಿರ ನಡೆಯಿತು. ನಮ್ಮ ದೊಡ್ಡವ್ವ ತಿಮ್ಮವ್ವನೂ ಹೋಗಿದ್ದಳು. ದೊಡ್ಡವ್ವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನನ್ನನ್ನು ಸಾಕಿದವಳು ಅವಳೇ. ಅವಳು ಹೋಗುತ್ತಾಳೆ ಎಂದು ನನಗೆ ಮೊದಲೇ ಗೊತ್ತಿದ್ದರೆ ಏನಾದರೂ ಮಾಡುತ್ತಿದ್ದೆ ಅನ್ನಿಸುತ್ತದೆ. ಬೇರೆಯವರ ದೊಡ್ಡವ್ವಂದಿರು ಹೋಗುವುದು ಗೊತ್ತಿತ್ತು. ಆಗ ಏನೂ ಮಾಡಿರಲಿಲ್ಲ.

ನಾನು ಕೆಲಸದಿಂದ ಬಂದಾಗ ಅವಳು ಕಟ್ಟೆಯ ಮೇಲೆ ಹೊಸ ಬೂಟು, ಹೊಸ ಚೀಲ ಹಾಕಿಕೊಂಡು ಕಾಲು ಮುಂದೆ ಚಾಚಿ ಕೂತಿದ್ದಳು.

"ಡಾಕ್ಟರ್ ಬಾಯಿ ಒಂದ್ ಗಾಳದ ದಾರದಂಥಾದ್ದು ತಗೊಂಡು ಅಂಗಾಲಿಗೆ ಚುಚ್ಚತಿದ್ಳು. ಕಣ್ ಮುಚ್ಚು, ಚುಚ್ಚಿದಾಗ ಹೂಂ ಅನ್ನು ಅಂದ್ಳು. ನಾ ಎಲ್ಲಾದ್ಕೂ ಹೂಂ ಅಂದೆ."

"ಗೊತ್ತಾಗ್ತಿತ್ತೇನು?"

"ಎಲ್ಲಿದು! ಪಾಪ, ಅಷ್ಟ್ ಬಗ್ಗಿ ನಮ್ಮ ಕಾಲ್ ಹಿಡದಾಳ. ಇಲ್ಲಂದ್ರ ಬ್ಯಾಸರ ಮಾಡ್ಕೊಂತಾಳ ಅಂತ ಅಂದೆ. ಚುಚ್ಚಲಾರದಾಗೂ ಅಂದ್ಬಿಟ್ಟಿನಿ, ಸಿಕ್ಕಿಬಿದ್ದೆ." ದೊಡ್ಡವ್ವ ಗಹಗಹಿಸಿ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಪಾಳೇದಾಗ ನಿಂತಾವ್ರಿಗೆಲ್ಲ ಹೇಳೀನಿ. ಇವು ನಮ್ಮ ಶೀಲಾನ ಕೈಯಾಗ ಆಗ್ಯಾವ ಅಂತ. ಅಬ್ಬೆತುಮಕೂರಿನಾಕಿ ಒಬ್ಬಾಕಿ, ನನಗ ಸಾಕ್ಸ್ ಬ್ಯಾಡವ್ವ ಕೆರೀತಾವ ಅಂತ ವಾಪಸ್ ಕೊಡಾಕತ್ತಿದ್ಳು. ಹಾಕ್ಕೋ ಬೇ, ನಮ್ಮ ಹುಡಿಗಿ ಒಂದೊಂದ ಕಣ್ಣು ಕೂಡಿಸಿ ಮಾಡ್ಯಾಳ ಅಂದೆ. ಕಣ್ಣಿಗೊತ್ತಿಕೊಂಡು ತಗೊಂಡ್ಳು."

ನಾನು ಬಗ್ಗಿ ಅವಳ ಒಂದು ಚೀಲ ಬಿಚ್ಚಿದೆ. ಒಳಗೆ ಕೈ ಹಾಕಿದೆ. ಹಗ್ಗ. ಮೂಲೆಯಲ್ಲಿ ಕಡಲೆಕಾಳಿನಷ್ಟು ಗಂಟು.

ಆಗ ಹೇಳಬಹುದಿತ್ತು. ಅವಳ ಮುಖ ನೋಡಿದೆ. "ದೊಡ್ಡವ್ವ, ಇವನ್ನ ತಿರುವಿ ಹಾಕ್ಕೋ. ಒಳಗಿಂದು ಹೊರಗ ಬರಂಗ" ಅಂದೆ.

"ಯಾಕ?"

"ಮೆತ್ತಗ ಆಗ್ತದ."

ನಾನೇ ತಿರುವಿ ತೊಡಿಸಿದೆ. ಸೋಮವಾರ ಒಂದು ಜೋಡಿ ನನ್ನ ಕೈಯಿಂದಲೇ ಮುಚ್ಚಿ ತಂದುಕೊಡುತ್ತೇನೆ ಅಂದುಕೊಂಡೆ. ಸೋಮವಾರ ಬೇರೆ ಮಾಲು ಬಂತು. ಮುಂದಿನ ಸೋಮವಾರವೂ ಮಾಡಲಿಲ್ಲ. ದಿನಾ ಮನೆಯಲ್ಲಿ ಅವಳ ಕಾಲು ನೋಡುತ್ತಿದ್ದೆ. ಹೊಲಿಗೆ ಹೊರಗಿರುತ್ತಿತ್ತು. ಸಮಾಧಾನವಾಗುತ್ತಿತ್ತು.

ಮೂರು ವಾರ ಕಳೆದವು. ಒಂದು ಭಾನುವಾರ ಬಟ್ಟೆ ಒಗೆಯುತ್ತಿದ್ದೆ. ಬಲಗಾಲಿನ ಚೀಲದ ಕಿರುಬೆರಳ ಕಡೆ ಕಂದು ಕಲೆ ಇತ್ತು. ಸಾಬೂನು ಹಚ್ಚಿ ಉಜ್ಜಿದೆ. ನೊರೆ ಕೆಂಪಗೆ ಬಂತು.

"ದೊಡ್ಡವ್ವ, ಇದೇನು?"

"ಕೆಮ್ಮಣ್ಣು ಹತ್ತ್ಯಾದ, ಬಿಡು."

ಕಾಲು ಹಿಡಿದು ನೋಡಿದೆ. ಮೊದಲು ಮೂಗಿಗೆ ವಾಸನೆ ಬಡಿಯಿತು. ಕಿರುಬೆರಳಿನ ಮೇಲೆ ಒಂದು ಗುಂಡಿ, ಅದರ ಪಕ್ಕದ ಬೆರಳು ಕಪ್ಪಾಗಿತ್ತು.

"ನೋವಾಗ್ಲಿಲ್ಲಾ?"

"ಇಲ್ಲ ಬೇ. ನನ್ನ ಕಾಲು ನನಗ ಏನೂ ಹೇಳಂಗಿಲ್ಲ."

"ತಿರುವಿ ಹಾಕ್ಕೋ ಅಂದಿದ್ನಲ್ಲ. ಹಾಕ್ಕೊಂತಿದ್ದಿಲ್ಲಾ?"

ದೊಡ್ಡವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ಮನ್ಯಾಗ ಹಾಕ್ಕೊಂತಿದ್ದೆ. ನೀ ಬಸ್ ಹತ್ತಿ ಹೋದ ಮ್ಯಾಲ, ಹೊರಗ ಹೊಂಟಾಗ, ಬರೋಬ್ಬರಿ ಮಾಡ್ಕೊಂತಿದ್ದೆ."

"ಯಾಕ ದೊಡ್ಡವ್ವ?"

"ಗೌಡರ ಕಟ್ಟಿ ಮುಂದ ಹಾಯಬೇಕಲ್ಲ ತಂಗಿ. ಅಲ್ಲಿ ಮಂದಿ ಕುಂತಿರ್ತಾರ. ಒಳಗಿಂದು ಹೊರಗ ಮಾಡ್ಕೊಂಡು ಹೋದ್ರ, ನೋಡ್ರಿ, ಇವರಿಗೆ ಸಾಕ್ಸ್ ಹಾಕ್ಕೊಳ್ಳೂದೂ ಬರಂಗಿಲ್ಲ ಅಂತಿದ್ರು. ನಾ ಮದಿವ್ಯಾಗಿ ಬಂದಾಗ ಆ ಕಟ್ಟಿ ಬಂತಂದ್ರ ಚಪ್ಲಿ ಬಿಚ್ಚಿ ಕೈಯಾಗ ಹಿಡಕೊಂತಿದ್ವಿ. ಬ್ಯಾಸಿಗ್ಯಾಗ ನೆಲ ಕೆಂಡ. ಈಗ ಬೂಟ್ ಹಾಕ್ಕೊಂಡು, ನಿನ್ನ ಕೈಲೆ ಮಾಡಿದ ಬಿಳಿ ಸಾಕ್ಸ್ ಹಾಕ್ಕೊಂಡು ಹೋಗಾಕತ್ತೀನಿ. ತಪ್ಪ ಹಾಕ್ಕೊಂಡು ಹೋಗ್ಲೇನು?"

ದಿನಕ್ಕೆ ಎರಡು ಸಲ ಆ ಕಟ್ಟೆ ದಾಟುತ್ತಿದ್ದಳಂತೆ. ಕೆಲಸವಿಲ್ಲದಿದ್ದರೂ.

"ಅವು ನನ್ನ ಕೈಯವಲ್ಲ ದೊಡ್ಡವ್ವ" ಅಂದೆ. ಅಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ನೂರು ಜೋಡಿ ಮಾತ್ರ ನನ್ನವು ಎಂದೆ. ಉಳಿದವು ಮಿಷನ್ನಿನ ಹೊಲಿಗೆ ಎಂದೆ. ಮೇಡಂಗೆ ಹೌದ್ರಿ ಅಂದದ್ದನ್ನೂ ಹೇಳಿದೆ. ಅವಳು ಬೈಯಲಿ ಎಂದು ಕಾದೆ. ಅವಳು ತನ್ನ ಕಾಲನ್ನು ನೋಡಲೇ ಇಲ್ಲ.

"ಹಂಗಾದ್ರ ಆ ಅಬ್ಬೆತುಮಕೂರಿನಾಕಿಗೆ ನಾ ಹೇಳ್ಬಿಟ್ಟೀನಲ್ಲ" ಅಂದಳು. "ಆಕಿ ಬ್ಯಾಡ ಅಂದಿದ್ಳು, ಶೀಲಾ. ನಾನೇ ಹಾಕ್ಕೋ ಅಂದೀನಿ."

ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ಮೇಡಂ ಇದ್ದರು. ಗಾಯ ನೋಡಿದರು, ನನ್ನನ್ನು ನೋಡಿದರು. ಚೀಲ ತಂದಿದ್ದೀಯಾ ಎಂದು ಕೇಳಿ ಒಳಗೆ ಮುಷ್ಟಿ ಹಾಕಿದರು. ಈ ಸಲ ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಇದು ನೀ ಮಾಡಿದ್ದಾ?"

"ಅಲ್ರಿ."

"ಅವತ್ತ ಹೌದ್ರಿ ಅಂದಿ."

ನೆಲದ ಮೇಲೆ ಯಾರೋ ಔಷಧ ಚೆಲ್ಲಿದ ಕಲೆ ಇತ್ತು. ಅದನ್ನು ನೋಡುತ್ತ ನಿಂತೆ. ಮೇಡಂ ಚೀಲವನ್ನು ಮಡಚಿ ನನ್ನ ಕೈಗೇ ಕೊಟ್ಟರು. ದೊಡ್ಡವ್ವನ ಎರಡು ಬೆರಳು ತೆಗೆದರು. ಒಳಗಿನಿಂದ ಅವಳು ಒಂದು ಸಲವೂ ಕೂಗಲಿಲ್ಲ.

ನಾನು ಶೆಡ್ಡಿಗೆ ಹೋಗಿ ಆ ಚೀಲವನ್ನು ಖಾಲಾನ ಮುಂದೆ ಇಟ್ಟೆ. ಅವಳು ಒಳಗೆ ಕೈ ಹಾಕಿ ನೋಡಿ ಮಲ್ಲೇಶ್ವರಿಗೆ ಕೊಟ್ಟಳು. ಮಲ್ಲೇಶ್ವರಿ ಮೂಲೆಯ ಗಂಟನ್ನು ಉಗುರಿನಿಂದ ಕೆದರಿದಳು.

"ಇದು ನಂದು" ಅಂದಳು. "ನನ್ನ ಮಿಷನ್ನಿನ ಎಡಗಡೆ ಕತ್ತರಿ ಮೊಂಡ ಆಗ್ಯಾದ. ಗಂಟ್ ಉಳೀತಾವ ಅಂತ ಎಷ್ಟ್ ಸರ್ತಿ ಹೇಳೀನಿ." ಮೂಗಿಗೆ ಕಟ್ಟಿದ ಬಟ್ಟೆಯಿಂದ ಕಣ್ಣೊರೆಸಿಕೊಂಡಳು. "ಶೀಲಾ, ಬೈ ನನಗ. ಒಂದ್ ಸರ್ತಿ ಬೈದ್ಬಿಡು."

"ನೀ ಹೊಲದಿ, ಇಕಿ ತಿರುವಿದ್ಳು, ನಾ ಜೋಡಿ ಕಟ್ಟೀನಿ" ಅಂದಳು ಖಾಲಾ. "ಬೈಯೂದಾದ್ರ ಮೂರೂ ಮಂದಿ ಬೈಸ್ಕೊಳ್ಳೋಣ. ಅಳೂದು ನಿಂದ್ರಸು."

ಸಾವುಕಾರ್ರು ಬಂದರು. ಖಾಲಾ ವಿಷಯ ಹೇಳಿದಳು. ಅವರು ಚೀಲವನ್ನು ಮುಟ್ಟಲಿಲ್ಲ.

"ಅದು ಸಕ್ಕರಿ ಕಾಲು. ಮುಳ್ಳು ಚುಚ್ಚಿದ್ರೂ ಹಂಗೇ ಆಗ್ತಿತ್ತು."

"ಮುಳ್ಳಲ್ರಿ, ಹೊಲಿಗಿ ಚುಚ್ಚ್ಯಾದ" ಅಂದಳು ಖಾಲಾ. "ಇನ್ನಾ ಐನೂರು ಮಂದಿ ಹಾಕ್ಕೊಂಡು ಅಡ್ಡಾಡಾಕತ್ತಾರ. ಬಿಚ್ಚಿ ಇಡ್ರಿ, ಇಲ್ಲಾ ತಿರುವಿ ಹಾಕ್ಕೋರಿ ಅಂತ ಹೇಳಿ ಕಳಸ್ರಿ ಸಾವ್ಕಾರ್ರ. ಅಷ್ಟೇ ಸಾಕು."

"ಅಂದ್ರ ನನ್ನ ಮಾಲ್ ಖರಾಬ್ ಅದ ಅಂತ ನಾನೇ ಡಂಗುರ ಹೊಡಸ್ಲೇನು?" ಅವರು ನನ್ನ ಕಡೆ ತಿರುಗಿದರು. "ಅವತ್ತ ಎಲ್ಲಾರ ಮುಂದ ಹೌದ್ರಿ ಅಂದಾಕಿ ಯಾರು? ನಾ ಅಂದೀನೇನು? ನಾಳಿ ಮಾತು ಬಂದ್ರ ನಿನ್ನ ಮ್ಯಾಲೇ ಬರ್ತದ. ನೋಡ್ಕೋ."

ಅವರು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂದು ನನಗೆ ಹೊಳೆಯಲಿಲ್ಲ. ಅಂದದ್ದು ನಾನೇ. ಅಷ್ಟರಲ್ಲಿ ಮಲ್ಲೇಶ್ವರಿ ಎದ್ದು ತನ್ನ ಮಿಷನ್ನಿನ ಬಟನ್ ಆರಿಸಿದಳು. ಖಾಲಾ ಚಪ್ಪಲಿ ಮೆಟ್ಟಿಕೊಂಡಳು. ಸಾವುಕಾರ್ರು ಏನೋ ಕೂಗುತ್ತಿದ್ದರು. ನಾವು ಮೂವರೂ ಹೊರಗೆ ಬಂದೆವು.

ಮೊದಲು ಅಬ್ಬೆತುಮಕೂರಿಗೆ ಹೋದೆವು. ಹೆಸರು ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆಯವಳು, ಶಿಬಿರಕ್ಕೆ ಹೋಗಿದ್ದವಳು ಎಂದು ಓಣಿ ಓಣಿ ಕೇಳುತ್ತ ಹೋದೆವು. ನಾವು ಟಿವಿ ಕ್ಯಾಮೆರಾದವರು ಎಂದುಕೊಂಡು ಒಬ್ಬ ಮುದುಕ ರುಮಾಲು ಸರಿಮಾಡಿಕೊಂಡ. ಮಲ್ಲೇಶ್ವರಿಗೆ ಅಂಥ ಹೊತ್ತಿನಲ್ಲೂ ನಗು ಬಂತು. ಹೊತ್ತು ಇಳಿಯುವಾಗ ಅವಳು ಸಿಕ್ಕಳು. ರೇಣಮ್ಮ ಎಂದು ಹೆಸರು. ಅಂಗಳದಲ್ಲಿ ಬರಿಗಾಲಲ್ಲಿ ಕೂತು ತೊಗರಿ ಕೇರುತ್ತಿದ್ದಳು.

"ಹಾಕ್ಕೊಂಡಿಲ್ಲವ್ವ" ಅಂದಳು. "ಅಷ್ಟ್ ಬೆಳ್ಳಗದಾವ, ಹೆಂಗ ಹಾಕ್ಕೊಳ್ಳಿ? ಮಗಳು ಬಾಣಂತನಕ್ಕ ಬರ್ತಾಳ, ಆಗ ತೋರಸಬೇಕಂತ ಟ್ರಂಕಿನ್ಯಾಗ ಇಟ್ಟೀನಿ."

ಖಾಲಾ ಅಲ್ಲೇ ಕೂತು ನೀರು ಕೇಳಿದಳು. ರೇಣಮ್ಮನಿಗೆ ಎಲ್ಲ ತಿಳಿಸಿ ಹೇಳಿದೆವು. ಅವಳು ಟ್ರಂಕು ತೆಗೆದು ಚೀಲದೊಳಗೆ ಕೈ ಹಾಕಿದಳು. "ಇಷ್ಟ್ ಸಣ್ಣದಕ್ಕ ಬೆರಳ್ ಹೋಗ್ತಾವೇನು?" ಅಂದಳು. ತಿರುವಿ ಹಾಕುವುದನ್ನು ತೋರಿಸಿಕೊಟ್ಟು ಎದ್ದು ಬಂದೆವು.

ಒಬ್ಬಳನ್ನು ಹುಡುಕಲು ಇಡೀ ದಿನ ಬೇಕಾಯಿತು. ಶಹಾಪುರದ ಕಡೆಯವರು ಎಷ್ಟು ಮಂದಿ, ಸುರಪುರ, ಹುಣಸಗಿಯ ಕಡೆಯವರು ಎಷ್ಟು ಮಂದಿ, ನಮಗೆ ಗೊತ್ತಿಲ್ಲ. ಶಿಬಿರದಲ್ಲಿ ಚೀಲ ಕೊಡುವಾಗ ಹೆಸರು, ಊರು ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ ಎಂದು ದೊಡ್ಡವ್ವ ಹೇಳಿದ್ದಳು. ಬರೆದುಕೊಂಡವನು ಅರುಣಕುಮಾರ ಎಂಬ ಗುಮಾಸ್ತ. ಮಾರನೆಯ ದಿನ ಆ ಪಟ್ಟಿ ಕೇಳಲು ಮೂವರೂ ಹೋದೆವು.

ಮೇಡಂ ಅವರ ಕೋಣೆಯಲ್ಲೇ ಎಲ್ಲರೂ ಇದ್ದರು. ಮೇಡಂ, ಅರುಣಕುಮಾರ, ನಮಗಿಂತ ಮೊದಲೇ ಬಂದಿದ್ದ ಸಂಗಮನಾಥ ಸಾವುಕಾರ್ರು. ಸಾವುಕಾರ್ರ ಮುಂದೆ ಚಹಾ ಇತ್ತು. ನಮಗೆ ಕೂಡ್ರಿ ಅನ್ನಲಿಲ್ಲ. ಪಟ್ಟಿಯ ದಪ್ಪ ಪುಸ್ತಕ ಮೇಜಿನ ಮೇಲೇ ಇತ್ತು. ಖಾಲಾ ಅದರ ಮಾತೆತ್ತಿದ ಕೂಡಲೇ ಅರುಣಕುಮಾರ ಅದರ ಮೇಲೆ ಮೊಣಕೈ ಊರಿದ.

"ರೋಗಿಗಳ ಹೆಸರು ಹಂಗ ಯಾರಿಗೂ ಕೊಡಾಕ ಬರಂಗಿಲ್ಲಮ್ಮ. ರೂಲ್ಸ್ ಅದ."

"ಹಂಗಾದ್ರ ನೀವೇ ಫೋನ್ ಹಚ್ಚಿ ಹೇಳ್ರಿ" ಅಂದಳು ಖಾಲಾ.

"ಅದಕ್ಕ ಮ್ಯಾಲಿಂದ ಆರ್ಡರ್ ಬರಬೇಕು."

"ಮ್ಯಾಲಿಂದು ಬರೂದ್ರಾಗ ಕೆಳಗಿನ ಬೆರಳ್ ಹೋಗ್ತಾವಲ್ಲಪ್ಪ!"

"ಖಾಲಿಪೀಲಿ ಮಂದಿಗೆ ಹೆದರಿಕಿ ಹಾಕಬ್ಯಾಡ್ರಿ" ಅಂದರು ಸಾವುಕಾರ್ರು. "ಒಬ್ಬ ಮುದುಕಿಗೆ ಗಾಯ ಆಗ್ಯಾದ. ಅದೂ ಚಪ್ಲಿ ಇಲ್ಲದ ಅಡ್ಡಾಡಿದ ಕಾಲು."

ಮಲ್ಲೇಶ್ವರಿ ಮೇಡಂ ಕಡೆ ನೋಡಿದಳು. "ಮೇಡಂ, ನೀವರ ಹೇಳ್ರಿ. ನೀವೇ ಹೇಳಿದ್ರಲ್ಲ ಅವರಿಗೆ ಗೊತ್ತಾಗಂಗಿಲ್ಲ ಅಂತ."

ಮೇಡಂ ಎದುರಿಗೆ ಒಂದು ಕಾಗದವಿತ್ತು. ನಾನು ನಿಂತಲ್ಲಿಂದ ಅದು ಕಾಣುತ್ತಿತ್ತು. ಮಾಲು ಸರಿಯಿದೆ ಎಂದು ಅಂದು ಶೆಡ್ಡಿನಲ್ಲಿ ಸಹಿ ಹಾಕಿದ ಕಾಗದ. ಅವರು ಅದರ ಮೇಲೆ ಪೆನ್ನು ಇಟ್ಟರು, ತೆಗೆದರು, ಮತ್ತೆ ಇಟ್ಟರು.

"ಮುಂದಿನ ಶಿಬಿರದಾಗ ಎಲ್ಲಾರನ್ನೂ ತಪಾಸ್ ಮಾಡೋಣ" ಅಂದರು.

"ಯಾವಾಗ್ರಿ ಅದು?" ಅಂದಳು ಮಲ್ಲೇಶ್ವರಿ.

"ಬ್ಯಾಸಿಗಿ ಮುಗದ ಮ್ಯಾಲ."

ಖಾಲಾ ನನ್ನ ಮೊಣಕೈ ಮುಟ್ಟಿದಳು. ಹೋಗೋಣ ಅನ್ನುವಂತೆ. ನನಗೆ ದೊಡ್ಡವ್ವನ ಮುಖ ಕಂಡಿತು. ಬೆರಳು ತೆಗೆದ ದಿನವೂ ಅವಳು ಬೇರೆಯವರ ಸುದ್ದಿಯನ್ನೇ ಕೇಳುತ್ತಿದ್ದಳು. ಕೋಣೆಯಲ್ಲಿದ್ದವರೆಲ್ಲ ನನಗಿಂತ ಓದಿದವರು. ತಲೆ ಎತ್ತಲು ಆಗಲಿಲ್ಲ. ತಗ್ಗಿಸಿಕೊಂಡೇ ಮಾತಾಡಿದೆ.

"ಅವತ್ತ ನಾ ಸುಳ್ಳ ಹೇಳೀನ್ರಿ, ಮೇಡಂ."

ಸಾವುಕಾರ್ರು ಕಪ್ಪು ಕೆಳಗಿಟ್ಟರು.

"ಕೆಳಗಿನವು ನನ್ನ ಕೈಯವು ಅಲ್ಲಂತ ಗೊತ್ತಿತ್ರಿ. ಗೊತ್ತಿದ್ದೂ ಹೌದ್ರಿ ಅಂದೀನಿ. ಅನ್ನು ಅಂದವರು ಸಾವ್ಕಾರ್ರು, ಅಂದಾಕಿ ನಾನು. ಎರಡೂ ಬರ್ಕೋರಿ. ನನ್ನ ಹೆಸರ ಪಂಚಶೀಲಾ, ರಾಮಸಮುದ್ರ. ಏನ್ ಮಾಡ್ತೀರಿ ಮಾಡ್ರಿ." ಆಮೇಲೆ ತಲೆ ಎತ್ತಿದೆ. ಅರುಣಕುಮಾರನ ಮೊಣಕೈ ಇನ್ನೂ ಪುಸ್ತಕದ ಮೇಲೇ ಇತ್ತು. "ಅದ್ರಾಗಿನ ಊರು, ಹೆಸರು ಅಷ್ಟು ನಮಗ ಬರ್ಕೊಳ್ಳಾಕ ಕೊಡ್ರಿ. ನಾವು ಮೂರೂ ಮಂದಿ ನಡಕೊಂಡು ಹೋಗಿ ಹೇಳಿ ಬರ್ತೀವಿ."

ಮೇಡಂ ಕಿಟಕಿಯ ಕಡೆ ನೋಡಿದರು. ಸಾವುಕಾರ್ರು ಅರುಣಕುಮಾರನ ಕಡೆ ನೋಡಿದರು. ಅರುಣಕುಮಾರ ಪುಸ್ತಕದ ಕಡೆ ನೋಡಿದ.

"ಪಟ್ಟಿ ಕೊಡ್ರಿ" ಅಂದೆ.